ಒಂದು ಹೋಳು ಕಾಯಿಯಲ್ಲಿ ಅಮ್ಮನ ಊಟ

ನಮ್ಮ ಮನೆಯಲ್ಲಿ ಮಧ್ಯಾಹ್ನದ ಊಟ ಅಂದರೆ ಅನ್ನ, ಒಂದು ತಂಬುಳಿ (ಸೊಪ್ಪು, ಕಾಯಿ ರುಬ್ಬಿ ಮಜ್ಜಿಗೆ ಬೆರೆಸಿದ್ದು), ಒಂದು ಪಲ್ಯ, ಒಂದು ಹುಳಿ, ಕೊನೆಗೆ ಮಜ್ಜಿಗೆ, ಜೊತೆಗೆ ಮಿಡಿ ಉಪ್ಪಿನಕಾಯಿ. ಹಬ್ಬ ಇಲ್ಲದ, ನೆಂಟರು ಬಾರದ ದಿನ ಇಷ್ಟೇ. ಹೊಸನಗರದ ಕಡೆಯ ಹಳ್ಳಿ, ಅಡಿಕೆ ತೋಟದ ಮನೆ. ಪೇಟೆಯಿಂದ ತರಕಾರಿ ತರುವುದೇ ಕಡಿಮೆ. ಮಳೆಗಾಲದಲ್ಲಂತೂ ಹಿತ್ತಲು, ತೋಟದ ಬದು, ಅಟ್ಟದ ಕೆಳಗೆ ಏನಿದೆಯೋ ಅದರಲ್ಲೇ ಅಮ್ಮ ಅಡುಗೆ ಮುಗಿಸುತ್ತಿದ್ದಳು.

ಅಮ್ಮ ಹೋದ ಮೇಲೆ ಆ ಊಟವನ್ನು ಶಿವಮೊಗ್ಗದ ನನ್ನ ಅಡುಗೆಮನೆಯಲ್ಲಿ ಮತ್ತೆ ಮಾಡಬೇಕು ಅಂತ ಹಟ ಹಿಡಿದೆ. ತಂಬುಳಿ ಮಾಡುವುದು ಹೇಗೆ ಅಂತ ಮಲೆನಾಡಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹುಳಿಯೂ ಹಾಗೇ. ನನಗೆ ಬೇಕಾಗಿದ್ದು ಒಂದು ದಿನದ ಪೂರ್ತಿ ಊಟ. ಯಾಕೆಂದರೆ ಅಮ್ಮ ಯಾವುದನ್ನೂ ಬಿಡಿಬಿಡಿಯಾಗಿ ಮಾಡುತ್ತಿರಲಿಲ್ಲ. ಒಂದರಲ್ಲಿ ಉಳಿದದ್ದು ಇನ್ನೊಂದಕ್ಕೆ ಹೋಗುತ್ತಿತ್ತು. ರುಚಿ ಇದ್ದದ್ದು ಆ ಜೋಡಣೆಯಲ್ಲೇ ಅಂತ ಮೊದಲಿನಿಂದಲೂ ನನಗೆ ಅನ್ನಿಸಿತ್ತು. ಮಾಡುತ್ತಾ ಹೋದಂತೆ ಆ ನಂಬಿಕೆ ಗಟ್ಟಿಯಾಯಿತು.

ಕೇಳಲು ಅಕ್ಕ ಇದ್ದಳು. ಚಿಕ್ಕವಳಿದ್ದಾಗ ಅಮ್ಮನಿಗೆ ರುಬ್ಬಿಕೊಡುತ್ತಿದ್ದವಳು ಅವಳೇ. ಏನೇನು ಹಾಕುತ್ತಿದ್ದಳು ಅಂತ ಕೇಳಿದರೆ ಅಕ್ಕ ಯೋಚನೆ ಮಾಡುತ್ತಾಳೆ, ಅರ್ಧ ಮರೆತಿದ್ದಾಳೆ. ಮೊದಲು ಏನು, ಆಮೇಲೆ ಏನು ಅಂತ ಕೇಳಿದರೆ ಮಾತ್ರ ಉತ್ತರ ಥಟ್ಟನೆ ಬರುತ್ತದೆ. "ತಂಬುಳಿದು ಮೊದ್ಲು ಮಾರಾಯ್ತಿ. ಖಾರ ಮುಟ್ಟಿದ ಒರಳಲ್ಲಿ ಯಾರಾದ್ರೂ ತಂಬುಳಿ ರುಬ್ತಾರಾ?" ಅಂದಳು. ಅಲ್ಲಿಂದ ಎಲ್ಲ ಬಿಚ್ಚಿಕೊಂಡಿತು.

ಆರು ಜನರ ಊಟಕ್ಕೆ ಒಂದು ಹೋಳು ಕಾಯಿ ತುರಿ. ಅದರಲ್ಲಿ ಮೊದಲ ಪಾಲು ತಂಬುಳಿಗೆ, ಜೀರಿಗೆ ಕಾಳುಮೆಣಸಿನ ಜೊತೆ ನುಣ್ಣಗೆ. ಎರಡನೆಯ ಪಾಲು ಪಲ್ಯಕ್ಕೆ, ಸಾಸಿವೆ ಮತ್ತು ಒಂದು ಒಣಮೆಣಸಿನಕಾಯಿ ಹಾಕಿ ತರಿತರಿಯಾಗಿ. ಉಳಿದದ್ದೆಲ್ಲ ಹುಳಿಗೆ. ಮಧ್ಯದಲ್ಲಿ ಒರಳು ತೊಳೆಯುವುದಿಲ್ಲ, ಕೈಯಲ್ಲಿ ಬಳಿಯುವುದು ಅಷ್ಟೇ. ಕೊನೆಗೆ ಒರಳು ತೊಳೆದ ನೀರು ಹುಳಿಯ ಪಾತ್ರೆಗೆ. ಅಂದರೆ ತಂಬುಳಿಯ ಜೀರಿಗೆ, ಪಲ್ಯದ ಸಾಸಿವೆ ಎಲ್ಲದರ ಒಂದಿಷ್ಟು ಅಂಶ ದಿನವೂ ಹುಳಿಗೆ ಸೇರುತ್ತಿತ್ತು. ಹುಳಿಯ ಮಸಾಲೆಯ ಪಟ್ಟಿ ಎಷ್ಟು ಕೇಳಿದರೂ ಅದರಲ್ಲಿ ಸಾಸಿವೆ ರುಬ್ಬುವ ಮಾತು ಬರುವುದಿಲ್ಲ. ಆದರೆ ಆ ಸಣ್ಣ ಘಾಟು ಅಮ್ಮನ ಹುಳಿಯಲ್ಲಿ ಇತ್ತು. ನಾನು ಈಗ ಮಿಕ್ಸಿಯಲ್ಲೂ ಇದೇ ಕ್ರಮ ಹಿಡಿದಿದ್ದೇನೆ. ಒಂದೇ ಜಾರ್, ನಡುವೆ ತೊಳೆಯುವಂತಿಲ್ಲ, ಕೊನೆಯ ನೀರು ಹುಳಿಗೆ.

ತಂಬುಳಿಗೆ ಹೆಚ್ಚಾಗಿ ಒಂದೆಲಗ. ಊರಲ್ಲಿ ಅದು ತೋಟದ ತಂಪು ಬದುವಿನಲ್ಲಿ ತಾನಾಗಿ ಹಬ್ಬುತ್ತದೆ. ಇಲ್ಲಿ ನೀರಿನ ಟ್ಯಾಂಕಿನ ಪಕ್ಕ, ಸದಾ ಪಸೆ ಇರುವ ಕಡೆ, ಅಗಲದ ಕುಂಡದಲ್ಲಿ ಬೆಳೆಸಿದ್ದೇನೆ. ಎರಡು ಹಿಡಿ ಎಲೆ, ಎಳೆ ದಂಟು ಇದ್ದರೆ ಅದೂ ಇರಲಿ. ಚಿಕ್ಕ ಬಾಣಲೆಯಲ್ಲಿ ಒಂದು ಚಮಚ ತುಪ್ಪ ಬಿಸಿ ಮಾಡಿ ಅರ್ಧ ಚಮಚ ಜೀರಿಗೆ, ಐದಾರು ಕಾಳುಮೆಣಸು ಹಾಕುತ್ತೇನೆ. ಜೀರಿಗೆ ಚಿಟಪಟ ಅಂದ ಕೂಡಲೇ ಎಲೆ. ಎಲೆಯ ಹಸಿ ವಾಸನೆ ಹೋಗಿ ಬಣ್ಣ ಗಾಢ ಹಸಿರಿಗೆ ತಿರುಗಬೇಕು, ಮುದುಡಬೇಕು, ಆದರೆ ಗರಿಯಾಗಬಾರದು. ಅದು ಪೂರ್ತಿ ಆರಿದ ಮೇಲೆ ಎರಡು ಹಿಡಿ ಕಾಯಿತುರಿಯ ಜೊತೆ ಸ್ವಲ್ಪ ಮಜ್ಜಿಗೆ ಹಾಕಿ ರುಬ್ಬುವುದು. ಮಿಕ್ಸಿ ಬಿಸಿಯಾಗುತ್ತದೆ, ಹಾಗಾಗಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಬೇಕು. ಆಮೇಲೆ ಎರಡು ಲೋಟ ತೆಳು ಮಜ್ಜಿಗೆ, ಉಪ್ಪು, ತುಪ್ಪದಲ್ಲಿ ಸಾಸಿವೆ ಒಣಮೆಣಸಿನ ಒಗ್ಗರಣೆ. ಮತ್ತೆ ಒಲೆ ಕಾಣಿಸುವಂತಿಲ್ಲ. ಬಿಸಿ ತಾಗಿದರೆ ಮಜ್ಜಿಗೆ ಒಡೆಯುತ್ತದೆ. ಹಬೆಯಾಡುವ ಅನ್ನಕ್ಕೆ ತಣ್ಣಗಿನ ತಂಬುಳಿ ಕಲಸಿ, ಊಟದಲ್ಲಿ ಮೊದಲು ಉಣ್ಣಬೇಕು. ಒಂದೆಲಗ ಇಲ್ಲದ ದಿನ ದೊಡ್ಡಪತ್ರೆ, ಅದೂ ಇಲ್ಲವಾದರೆ ಪೇರಳೆ ಕುಡಿ. ಹೊಟ್ಟೆ ಕೆಟ್ಟ ದಿನ ಒಣಗಿಸಿಟ್ಟ ದಾಳಿಂಬೆ ಸಿಪ್ಪೆಯದು.

ಹಿಡಿ, ಚಿಟಿಕೆ ಅನ್ನುತ್ತೇನೆ, ಯಾರ ಹಿಡಿ ಅನ್ನುವುದು ಮುಖ್ಯ ಅಲ್ವಾ? ಅಕ್ಕನ ಕೈ ಅಮ್ಮನದೇ ಅಚ್ಚು. ಅವಳು ಬಂದಾಗ ಅಡುಗೆಮನೆಯ ಸಣ್ಣ ತಕ್ಕಡಿ ಇಟ್ಟು, ಅವಳ ಹಿಡಿಯಲ್ಲಿ ಬರುವ ಕಾಯಿತುರಿ, ತೊಗರಿಬೇಳೆ, ಕೊತ್ತಂಬರಿ ಬೀಜ ಎಲ್ಲ ತೂಗಿ ಬರೆದುಕೊಂಡೆ. ನನ್ನ ಹಿಡಿಗಿಂತ ಅವಳದು ಚಿಕ್ಕದು. ಕಾಯಿ ಕಡಿಮೆ ಬಿದ್ದ ತಂಬುಳಿ ತೆಳ್ಳಗೆ, ಕುಡಿಯುವ ಹಾಗೆ ಇರುತ್ತದೆ. ನಮ್ಮ ಮನೆಯ ತಂಬುಳಿ ಹಾಗೇ ಇತ್ತು.

ಮಜ್ಜಿಗೆಯ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ಅಮ್ಮನ ಕಾಲದಲ್ಲಿ ಕೊಟ್ಟಿಗೆಯಲ್ಲಿ ಮಲೆನಾಡು ಗಿಡ್ಡ ದನಗಳಿದ್ದವು. ಕೊಡುವ ಹಾಲು ಸ್ವಲ್ಪ, ಮೇಯುವುದು ಗುಡ್ಡದಲ್ಲಿ. ಮೊಸರು ಕಡೆದು ಬೆಣ್ಣೆ ತೆಗೆದ ಮೇಲೆ ಉಳಿಯುವುದು ಮಜ್ಜಿಗೆ. ಅದರಲ್ಲಿ ಜಿಡ್ಡಿಲ್ಲ, ನಾಲಿಗೆಗೆ ಹಗುರ. ಮೊಸರಿಗೆ ಸುಮ್ನೆ ನೀರು ಬೆರೆಸಿದರೆ ಆ ರುಚಿ ಸಿಗುವುದಿಲ್ಲ, ಜಿಡ್ಡು ಎಲೆಯ ಪರಿಮಳವನ್ನು ಮುಚ್ಚಿಬಿಡುತ್ತದೆ. ನಾನು ಹಾಲು ಕಾಯಿಸಿ, ರಾತ್ರಿ ಹೆಪ್ಪು ಹಾಕಿ, ಬೆಳಿಗ್ಗೆ ಕಡೆದು ಬೆಣ್ಣೆ ತೆಗೆಯುತ್ತೇನೆ. ತಂಬುಳಿ ಮಾಡುವವರು ಇದೊಂದನ್ನು ಬಿಡಬೇಡಿ ಅಂತ ನನ್ನ ಕೋರಿಕೆ.

ಪಲ್ಯ ಬಾಳೆಕಾಯಿಯದು. ಹೆಚ್ಚಿದ ಕೂಡಲೇ ಮಜ್ಜಿಗೆ ನೀರಿಗೆ ಹಾಕಿದರೆ ಕಪ್ಪಾಗುವುದಿಲ್ಲ. ಬೇಯಿಸಿ, ತರಿತರಿ ಕಾಯಿ ಹಾಕಿ ಮಗುಚಿದರೆ ಆಯಿತು.

ಹುಳಿಗೆ ಬಣ್ಣದ ಸೌತೆಕಾಯಿ. ಬಾಳೆನಾರಿನಲ್ಲಿ ಕಟ್ಟಿ ಅಟ್ಟದ ತೊಲೆಗೆ ಸಾಲಾಗಿ ತೂಗುಹಾಕಿದರೆ ಮಳೆಗಾಲಕ್ಕೆ ಆಗುತ್ತದೆ. ಒಂದಕ್ಕೊಂದು ತಾಗಬಾರದು, ತಾಗಿದ ಜಾಗದಿಂದ ಕೊಳೆಯಲು ಶುರು. ನಾನು ಬಾಲ್ಕನಿಯ ಒಳಗಡೆ ಕಬ್ಬಿಣದ ಸರಳಿಗೆ ಹೀಗೇ ಕಟ್ಟಿದ್ದೇನೆ. ಒಂದು ಸೌತೆಕಾಯಿ ಕೊಯ್ದರೆ ಹೋಳು ಹುಳಿಗೆ, ತಿರುಳು ಬೀಜ ರಾತ್ರಿಯ ಸಾರಿಗೆ. ಬೀಜವನ್ನು ರುಬ್ಬಿ, ಸೋಸಿ, ಬೆಲ್ಲ ಉಪ್ಪು ಹಾಕಿ ಕುದಿಸಿ ಒಗ್ಗರಣೆ ಕೊಟ್ಟರೆ ಬೇಳೆ ಇಲ್ಲದ ಸಾರು ಸಿದ್ಧ. ಹುಳಿಯ ಮಸಾಲೆಗೆ ಕೊತ್ತಂಬರಿ ಬೀಜ, ಉದ್ದಿನಬೇಳೆ, ಜೀರಿಗೆ, ನಾಲ್ಕೈದು ಕಾಳು ಮೆಂತ್ಯ, ಒಣಮೆಣಸಿನಕಾಯಿ. ಕೊಬ್ಬರಿ ಎಣ್ಣೆಯ ಒಂದು ಹನಿಯಲ್ಲಿ ಇವನ್ನು ಹುರಿಯುವುದು. ಉದ್ದಿನಬೇಳೆ ಕೆಂಪಗಾದ ಮೇಲೆ ಮೆಂತ್ಯ ಹಾಕಬೇಕು, ಮೊದಲೇ ಹಾಕಿದರೆ ಹೊತ್ತಿ ಕಹಿ ಬರುತ್ತದೆ. ಹುಣಸೆ, ಬೆಲ್ಲ ಹೋಳು ಬೆಂದ ಮೇಲೆ. ಹುಣಸೆ ಮೊದಲೇ ಬಿದ್ದರೆ ಹೋಳು ಮೆತ್ತಗಾಗುವುದೇ ಇಲ್ಲ.

ಆಷಾಢದಲ್ಲಿ ಪಲ್ಯ, ಹುಳಿ ಎರಡರ ಜಾಗದಲ್ಲೂ ಒಂದೇ ಇರುತ್ತಿತ್ತು, ಕೆಸುವಿನ ಕರಕಲಿ. ಕೆಸುವಿನ ಎಲೆಯಲ್ಲಿ ಸೂಜಿಯಂಥ ಸಣ್ಣ ಹರಳುಗಳಿವೆ, ಗಂಟಲು ತುರಿಸುವುದು ಅದರಿಂದ. ಅದಕ್ಕೇ ಹುಣಸೆಹುಳಿ ಧಾರಾಳವಾಗಿ ಬೀಳಬೇಕು, ತುಂಬಾ ಹೊತ್ತು ಬೇಯಬೇಕು. ಎಳೆಯ ಎಲೆ, ಹಸಿಮೆಣಸು, ಉಪ್ಪು, ಹುಣಸೆಹಣ್ಣು ಎಲ್ಲ ಒಟ್ಟಿಗೆ ಬೇಯಿಸಿ, ಕಡೆಗೋಲಿನಲ್ಲಿ ಮಸೆದು, ಸಣ್ಣ ಉರಿಯಲ್ಲಿ ಬತ್ತಿಸುವುದು. ಮೇಲೆ ಜಜ್ಜಿದ ಬೆಳ್ಳುಳ್ಳಿಯ ಕೆಂಪು ಒಗ್ಗರಣೆ. ಊರಲ್ಲಿ ಅದು ಒಲೆಯ ಬದಿಯ ಕೆಂಡದ ಮೇಲೆ ಕೂತೇ ಇರುತ್ತಿತ್ತು, ದಿನಾ ಒಂದು ಕುದಿ. ಮಾರನೆಯ ದಿನವೇ ಹೆಚ್ಚು ರುಚಿ. ಗ್ಯಾಸಿನಲ್ಲಿ ನಾನು ದಪ್ಪ ತಳದ ಪಾತ್ರೆ ಇಟ್ಟು ಉರಿ ಪೂರ್ತಿ ಇಳಿಸಿಬಿಡುತ್ತೇನೆ. ಹೊಗೆಯ ವಾಸನೆ ಇಲ್ಲ, ಉಳಿದದ್ದೆಲ್ಲ ಇದೆ.

ಉಪ್ಪಿನಕಾಯಿಗೆ ಅಪ್ಪೆಮಿಡಿ, ಅಂದರೆ ಪರಿಮಳದ ಎಳೆ ಮಾವಿನಕಾಯಿ. ರಿಪ್ಪನ್‌ಪೇಟೆ, ಸಾಗರದ ಕಡೆ ಬೇಸಿಗೆ ಶುರುವಾಗುವ ಹೊತ್ತಿಗೆ ಮಾರಾಟಕ್ಕೆ ಬರುತ್ತದೆ. ತೊಟ್ಟು ಇರುವ ಮಿಡಿಯನ್ನೇ ಆರಿಸಬೇಕು. ಮರದಿಂದ ಬಿದ್ದು ಪೆಟ್ಟಾದ ಒಂದು ಮಿಡಿ ಇಡೀ ಭರಣಿಯನ್ನು ಕೆಡಿಸುತ್ತದೆ. ಉಪ್ಪಿನಲ್ಲಿ ಹಾಕಿ ಮಿಡಿ ಸುಕ್ಕಾದ ಮೇಲೆ ಬಿಟ್ಟುಕೊಂಡ ನೀರನ್ನು ಚೆಲ್ಲುವುದಿಲ್ಲ. ಸಾಸಿವೆ ಖಾರ ರುಬ್ಬಲು ಅದೇ ನೀರು.

ಈ ಮಳೆಗಾಲಕ್ಕೆ ಉಳಿದಿರುವುದು ಕಳಲೆ. ಮನೆಯ ಹಿಂದಿನ ಬಿದಿರು ಮೆಳೆಯಲ್ಲಿ ಮೊಳಕೆ ಎದ್ದ ಕೂಡಲೇ ಕೊಟ್ಟು ಕಳಿಸುತ್ತೇನೆ ಅಂತ ಅಕ್ಕ ಹೇಳಿದ್ದಾಳೆ. ಹಸಿ ಕಳಲೆಯಲ್ಲಿ ವಿಷದ ಅಂಶ ಇರುತ್ತದೆ. ಸಣ್ಣಗೆ ಹೆಚ್ಚಿ ಮೂರು ದಿನ ನೀರಲ್ಲಿ ನೆನೆಹಾಕಿ, ದಿನವೂ ನೀರು ಚೆಲ್ಲಿ ಬದಲಾಯಿಸಿ, ಆಮೇಲೆ ಚೆನ್ನಾಗಿ ಬೇಯಿಸಬೇಕು. ಇಷ್ಟರಲ್ಲಿ ನಮಗಿಬ್ಬರಿಗೂ ಒಂದೇ ಮಾತು. ಅಮ್ಮ ಅದಕ್ಕೆ ಜೊತೆಯಾಗಿ ಹಾಕುತ್ತಿದ್ದದ್ದು ಹೆಸರುಕಾಳು ಅಂತ ನಾನು, ಅಲಸಂದೆ ಅಂತ ಅಕ್ಕ. ಎರಡನ್ನೂ ಮಾಡಿ, ಇಬ್ಬರೂ ಒಟ್ಟಿಗೆ ಕೂತು ಉಂಡು ತೀರ್ಮಾನ ಮಾಡುವುದು ಅಂತ ಆಗಿದೆ.