ಬೆರಳು ಬಿಟ್ಟ ಕೈಗವಸು

ಪುಣೆಯ ಚಳಿ ಮೋಸದ ಚಳಿ. ಡಿಸೆಂಬರಿನ ಮಧ್ಯಾಹ್ನ ಫ್ಯಾನ್ ಹಾಕಿಕೊಂಡು ಮಲಗಿದವರೇ ಮರುದಿನ ನಸುಕಿಗೆ ನಲ್ಲಿ ತಿರುಗಿಸಿ ಹೌಹಾರುತ್ತಾರೆ. ಕೆಲವು ದಿನ ಪಾದರಸ 10 ಡಿಗ್ರಿಗೂ ಕೆಳಗೆ ಇಳಿಯುತ್ತದೆ. ಧಾರವಾಡದಿಂದ ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ನಾನು ಸ್ವೆಟರು, ಮಫ್ಲರು, ಕೂಸುಗಳ ಕುಲಾವಿ ಎಲ್ಲ ಹೆಣೆದೆ. ಕೈಯ ಕಡೆ ಲಕ್ಷ್ಯ ಹೋದದ್ದು ಮೊಮ್ಮಗಳು ಸ್ಕೂಟಿ ಹಿಡಿದ ಮೇಲೆ. ಬೆಳಿಗ್ಗೆ ಆರೂವರೆಗೆ ಮ್ಹಾತ್ರೆ ಸೇತುವೆ ದಾಟಿ ಕ್ಲಾಸಿಗೆ ಹೋಗುವ ಹುಡುಗಿ ಅವಳು, ನದಿ ಮೇಲಿನ ಗಾಳಿ ನೇರ ಕೈಗೇ ಬಡಿಯುತ್ತದೆ. ಅಂಗಡಿಯ ಪೂರ್ತಿ ಗ್ಲೌಸ್ ತಂದುಕೊಟ್ಟರೆ, “ಅಜ್ಜಿ, ಇದನ್ನ ಹಾಕ್ಕೊಂಡು ಮೊಬೈಲ್ ಒತ್ತಲಿಕ್ಕೆ ಬರೂದಿಲ್ಲ, ಕಿಲಿ ಹಚ್ಚಲಿಕ್ಕೆ ಬರೂದಿಲ್ಲ” ಅಂತ ಎರಡೇ ದಿನಕ್ಕೆ ಮೂಲೆಗೆ ಒಗೆದಳು. ಆಗ ಬೆರಳು ಬಿಟ್ಟು ಅಂಗೈ, ಮಣಿಕಟ್ಟು ಮಾತ್ರ ಮುಚ್ಚುವ ಗವಸು ಹೆಣೆದೆ. ಕೈಗವಸು ಅಂದರೆ ಅವಳಿಗೆ ತಿಳಿಯುವುದೂ ಇಲ್ಲ ಬಿಡಿ, ‘ಹಾತಮೋಜೆ’ ಅಂದರೇ ತಿಳಿಯುವುದು.

ಮೊದಲು ಉಲನ್ ಮಾತು. ನಮ್ಮಲ್ಲಿ ಉಲನ್ ಅಂತ ಕೊಡುವುದರಲ್ಲಿ ಬಹುಪಾಲು ಅಕ್ರಿಲಿಕ್, ಕುರಿಯ ತುಪ್ಪಟ ಅದರಲ್ಲಿ ಒಂದೆಳೆಯೂ ಇರುವುದಿಲ್ಲ. ಸ್ಕೂಟಿಯ ಹ್ಯಾಂಡಲ್‌ಗೆ ದಿನಾ ತಿಕ್ಕಾಡುವ ಗವಸಿಗೆ ಅದೇ ಬಾಳಿಕೆ, ವಾಷಿಂಗ್ ಮಶಿನ್ನಿಗೂ ಹಾಕಬಹುದು. ಬೆರಳ ಗಂಟು ನೋಯುವ ನನ್ನಂಥ ಮುದುಕಿಯರಿಗೆ ಮಾತ್ರ ನಿಜವಾದ ಉಣ್ಣೆಯೇ ಬೇಕು, ಅದರ ಬೆಚ್ಚನೆಯೇ ಬೇರೆ. ಜೋಡಿಗೆ ಮಧ್ಯಮ ದಪ್ಪದ್ದು 50ರಿಂದ 60 ಗ್ರಾಂ ಹಿಡಿಯುತ್ತದೆ. ತುಳಶಿಬಾಗದ ಓಣಿಗಳಲ್ಲಿ, ರವಿವಾರ ಪೇಠೆಯಲ್ಲಿ ತಿರುಗಿದರೆ ಬೇಕಾದ ಬಣ್ಣ ಸಿಗುತ್ತವೆ. ಉಂಡೆಯ ಚೀಟಿಯಲ್ಲಿ ಬಣ್ಣದ ನಂಬರಿನ ಜೊತೆಗೆ ಲಾಟ್ ನಂಬರ್ (ಒಟ್ಟಿಗೆ ಬಣ್ಣ ಹಾಕಿದ ಉಂಡೆಗಳ ಗುರುತು) ಅಂತ ಇನ್ನೊಂದು ಇರುತ್ತದೆ, ಎರಡೂ ಉಂಡೆಯಲ್ಲಿ ಅದು ಒಂದೇ ಇರಬೇಕು. ನಾನೊಮ್ಮೆ ಟ್ಯೂಬ್‌ಲೈಟಿನ ಕೆಳಗೆ ನೋಡಿ ಎರಡು ಮೆಂತ್ಯೆ ಬಣ್ಣದ ಉಂಡೆ ತಂದೆ. ಹೆಣೆದು ಗ್ಯಾಲರಿಗೆ ತಂದು ನೋಡಿದರೆ ಒಂದು ಹಸಿ ಮೆಂತ್ಯೆ, ಇನ್ನೊಂದು ಹುರಿದ ಮೆಂತ್ಯೆ!

ಸೂಜಿಯ ನಂಬರು ನಮ್ಮಲ್ಲಿ ತಿರುವುಮುರುವು, ನಂಬರು ಹೆಚ್ಚಾದಷ್ಟು ಸೂಜಿ ತೆಳ್ಳಗೆ. 8ನೇ ನಂಬರು ಅಂದರೆ 4 ಮಿ.ಮೀ., 10ನೇ ನಂಬರು 3.25 ಮಿ.ಮೀ. ಈ ಎರಡು ಜೋಡಿ ಇದ್ದರೆ ಸಾಕು.

ಇನ್ನು ಅಳತೆ. ನೆರೆಮನೆಯ ವಹಿನಿ “ಅಂದಾಜಾ 40 ಟಾಕೆ ಹಾಕ್ತೀನಿ” ಅಂತಾರೆ (ಟಾಕೆ ಅಂದರೆ ಸೂಜಿಯ ಮೇಲಿನ ಕುಣಿಕೆ), ಅವರ ಗವಸು ಅವರ ಯಜಮಾನರಿಗೆ ಮೊಣಕೈತನಕ ಜಾರುತ್ತದೆ. ಅಂದಾಜು ಅಡುಗೆಗೆ ಸರಿ, ಹೆಣಿಗೆಗೆ ಅಲ್ಲ. ಹೆಬ್ಬೆರಳು ಬಿಟ್ಟು ನಾಲ್ಕು ಬೆರಳ ಬುಡದ ಸುತ್ತ ದಾರ ಸುತ್ತಿ ಅಳೆಯಿರಿ. ಆಮೇಲೆ 8ನೇ ಸೂಜಿಯಲ್ಲಿ 30 ಕುಣಿಕೆ ಹಾಕಿ, ಸೀದಾ ಒಂದು ಸಾಲು ಉಲ್ಟಾ ಒಂದು ಸಾಲು (ಸೀದಾಕ್ಕೆ ದಾರ ಸೂಜಿಯ ಹಿಂದೆ, ಉಲ್ಟಾಕ್ಕೆ ಮುಂದೆ) ಹೆಣೆದು, ನಾಲ್ಕು ಬೆರಳಗಲ ಆದ ಮೇಲೆ ನಡುಭಾಗದಲ್ಲಿ 10 ಸೆಂ.ಮೀ.ಗೆ ಎಷ್ಟು ಕುಣಿಕೆ ಬಂತು ಎಣಿಸಿ. ನನ್ನ ಕೈಗೆ 22 ಬರುತ್ತದೆ, ನಿಮ್ಮದು ಬಿಗಿ ಕೈಯಾದರೆ 24 ಬಂದೀತು. ಮೊಮ್ಮಗಳ ಕೈ 19 ಸೆಂ.ಮೀ., ಲೆಕ್ಕಕ್ಕೆ 42 ಕುಣಿಕೆ. ಹೆಣಿಗೆ ಹಿಗ್ಗುವ ವಸ್ತು, ಹತ್ತರಲ್ಲಿ ಒಂದು ಪಾಲು ಕಳೆದೆ, 38 ಉಳಿಯಿತು. ಈ 38ಕ್ಕೆ ಇನ್ನೊಂದು ಗುಣವಿದೆ. ಎರಡು ಸೀದಾ ಎರಡು ಉಲ್ಟಾ ಪಟ್ಟಿ ಹೆಣೆದರೆ ಸಾಲು ಎರಡು ಸೀದಾದಿಂದ ಶುರುವಾಗಿ ಎರಡು ಸೀದಾಕ್ಕೇ ಮುಗಿಯುತ್ತದೆ. ಕೊನೆಗೆ ಹೊಲಿಯುವಾಗ ಎರಡೂ ಅಂಚಿನ ಒಂದೊಂದು ಕುಣಿಕೆ ಒಳಗೆ ಸೇರಿ ಎರಡೇ ಸೀದಾ ಉಳಿಯುತ್ತವೆ, ಹೊಲಿಗೆ ಎಲ್ಲಿದೆ ಅಂತ ಹುಡುಕಬೇಕು. ಕೈ ದಪ್ಪ ಇದ್ದವರು 42 ಹಾಕಿ, ಸಣ್ಣವರು 34.

ಹೆಣೆಯುವುದರಲ್ಲಿ ಕಷ್ಟವೇನಿಲ್ಲ, ಕೈಗೊಂದರಂತೆ ಚೌಕದ ಎರಡು ತುಂಡು ಅಷ್ಟೆ. ಕುಣಿಕೆ ಹಾಕುವಾಗ ಎರಡು ಸೂಜಿ ಜೋಡಿಸಿ ಹಿಡಿದು ಹಾಕಿ, ಆಮೇಲೆ ಒಂದನ್ನು ಎಳೆದುಕೊಳ್ಳಿ, ಬುಡ ಸಡಿಲಾಗುತ್ತದೆ. ಇಲ್ಲವಾದರೆ ಗವಸು ಹಾಕುವಾಗ ಬಳೆಗಾರನ ಮುಂದೆ ಕೈ ಒಡ್ಡಿದ ಹಾಗೆ ಒದ್ದಾಡಬೇಕು. 10ನೇ ಸೂಜಿಯಲ್ಲಿ ಮಣಿಕಟ್ಟಿನ ಪಟ್ಟಿ 6 ಸೆಂ.ಮೀ., 8ನೇ ಸೂಜಿಗೆ ಬದಲಿಸಿ ಸಾದಾ ಹೆಣಿಗೆ (ಸೀದಾ ಒಂದು ಸಾಲು, ಉಲ್ಟಾ ಒಂದು ಸಾಲು) 10 ಸೆಂ.ಮೀ., ಮತ್ತೆ 10ನೇ ಸೂಜಿಯಲ್ಲಿ ಪಟ್ಟಿ 2 ಸೆಂ.ಮೀ. ಒಟ್ಟು 18. ಮುಗಿಸುವಾಗ ಕೈ ಸಡಿಲ ಬಿಡಿ, ಬೇಕಾದರೆ ಆ ಒಂದು ಸಾಲಿಗೆ ದಪ್ಪ ಸೂಜಿಯನ್ನೇ ಹಿಡಿಯಿರಿ.

ಜೋಡಿ ಅನ್ನುವುದು ಇಲ್ಲಿ ನಿಜವಾದ ಪರೀಕ್ಷೆ. ಒಂದು ಗವಸು ಹುರುಪಿನಿಂದ ಮುಗಿಯುತ್ತದೆ, ಎರಡನೆಯದು ಸಂಕ್ರಾಂತಿ ಕಳೆದರೂ ಸೂಜಿಯಲ್ಲೇ ಇರುತ್ತದೆ. ಮುಗಿದರೂ ಅಳತೆ ಕೂಡುವುದಿಲ್ಲ. ನನ್ನ ಮೊದಲ ಜೋಡಿಯಲ್ಲಿ ಒಂದನ್ನು ಸಮಾಧಾನದಿಂದ ಹೆಣೆದಿದ್ದೆ, ಇನ್ನೊಂದನ್ನು ಮನೆಯ ಗಡಿಬಿಡಿಯಲ್ಲಿ. ಎರಡನೆಯದು ಅರ್ಧ ಇಂಚು ಚಿಕ್ಕದಾಯಿತು, ಮನಸ್ಸಿನ ಬಿಗಿ ದಾರಕ್ಕೂ ಬಂದಿತ್ತು. ಅಂದಿನಿಂದ ನಾನು ಒಂದೇ ಸೂಜಿಯ ಮೇಲೆ ಎರಡನ್ನೂ ಕೂಡಿಸುತ್ತೇನೆ. ಒಂದು ಉಂಡೆಯಿಂದ 38 ಕುಣಿಕೆ, ಪಕ್ಕದಲ್ಲೇ ಇನ್ನೊಂದು ಉಂಡೆಯಿಂದ 38. ಮೊದಲ ತುಂಡಿನ ಸಾಲು ಮುಗಿಸಿ, ಆ ದಾರ ಬಿಟ್ಟು, ಎರಡನೆಯ ದಾರ ಹಿಡಿದು ಅದರ ಸಾಲು ಹೆಣೆಯುವುದು. ಸಾಲಿನ ನಡುವೆ ಎಂದೂ ಎದ್ದು ಹೋಗಬೇಡಿ, ಕುಕ್ಕರ್ ಸೀಟಿ ಹೊಡೆದರೆ ಹೊಡೆಯಲಿ. ಉಂಡೆಗಳನ್ನು ಎಡಬಲಕ್ಕೆ ಒಂದೊಂದು ಪಾತೇಲಿಯಲ್ಲಿಟ್ಟು, ಸೂಜಿಯನ್ನು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತಿರುಗಿಸಿದರೆ ದಾರ ಜಡೆ ಹಾಕಿಕೊಳ್ಳುವುದಿಲ್ಲ. ಎರಡೂ ಒಟ್ಟಿಗೆ ಬೆಳೆಯುತ್ತವೆ, ಸಾಲು ಎಣಿಸುವ ತಾಪತ್ರಯವೂ ಇಲ್ಲ.

ಹೆಬ್ಬೆರಳಿಗೆ ಅಂತ ಕೆಲವರು ಅಂಗೈಯ ನಡುವೆ ಕುಣಿಕೆ ಬಿಟ್ಟು ಕಂಡಿ ಮಾಡುತ್ತಾರೆ. ನಾನೂ ಮಾಡಿದ್ದೆ, ಎರಡೂ ಎಡಗೈಯವೇ ಆದವು. ಅಂಚಿನ ಹೊಲಿಗೆಯಲ್ಲೇ ಕಂಡಿ ಬಿಟ್ಟರೆ ಎಡಬಲದ ಭೇದವೇ ಇಲ್ಲ. ತುಂಡನ್ನು ಮಡಚಿ ಎರಡೂ ಅಂಚು ಕೂಡಿಸಿ ಕೆಳಗಿನಿಂದ 10 ಸೆಂ.ಮೀ. ಹೊಲಿಯಿರಿ, 5 ಸೆಂ.ಮೀ. ತೆರೆದು ಬಿಡಿ, ಮೇಲಿನ 3 ಹೊಲಿಯಿರಿ. ಆ ತೆರೆದ ಭಾಗ ನನ್ನ ಕೈಯಲ್ಲಿ 14 ಸಾಲು. ಹೆಣೆಯುವಾಗಲೇ ಆ 14 ಸಾಲುಗಳಲ್ಲಿ ಮಾತ್ರ ಮೊದಲ ಕುಣಿಕೆಯನ್ನು ಹೆಣೆಯದೆ ಹಾಗೇ ಆಚೆ ಸೂಜಿಗೆ ದಾಟಿಸಿದರೆ ಕಂಡಿಯ ಬಾಯಿಗೆ ಸಣ್ಣ ಸರಪಳಿಯಂಥ ಅಂಚು ಬರುತ್ತದೆ, ಬೇರೆ ಏನೂ ಕಟ್ಟಬೇಕಿಲ್ಲ. ಹೊಲಿಯುವ ಕಡೆ ಹೀಗೆ ಮಾಡಬೇಡಿ, ಹೊಲಿಗೆ ಸಡಿಲಾಗಿ ಬಾಯಿ ಬಿಡುತ್ತದೆ. ಹೊಲಿಯುವ ಮುಂಚೆ ಪಿನ್ ಹಾಕಿ ಯಾರಿಗೆ ಹೆಣೆದಿರೋ ಅವರ ಕೈಗೇ ತೊಡಿಸಿ ನೋಡಿ. ಹೆಬ್ಬೆರಳು ಎಲ್ಲಿ ಕವಲೊಡೆಯುತ್ತದೆ ಅನ್ನುವುದು ಒಬ್ಬೊಬ್ಬರಲ್ಲಿ ಒಂದೊಂದು ಕಡೆ. ಕಂಡಿಯ ಎರಡು ತುದಿಗೆ ಅದೇ ದಾರದಲ್ಲಿ ಎರಡೆರಡು ಸುತ್ತು ಗಟ್ಟಿ ಹೊಲಿಗೆ ಹಾಕಿ, ಮೊದಲು ಹರಿಯುವುದು ಅಲ್ಲಿಯೇ. ದಾರ ಮುಗಿದು ಹೊಸದು ಸೇರಿಸುವುದಿದ್ದರೆ ಅಂಚಿನಲ್ಲೇ ಸೇರಿಸಿ. ಅಂಗೈಯ ನಡುವಿನ ಗಂಟು ಹ್ಯಾಂಡಲ್ ಹಿಡಿದಾಗ ಹುಣಸೆ ಬೀಜದ ಹಾಗೆ ಒತ್ತುತ್ತದೆ.

ಅಕ್ರಿಲಿಕ್ ಗವಸಿಗೆ ಇಸ್ತ್ರಿ ಮುಟ್ಟಿಸಬೇಡಿ, ಒಮ್ಮೆ ಕಾವು ತಾಕಿದರೆ ಪಟ್ಟಿಯ ಹಿಡಿತ ಹೋಗಿ ಒದ್ದೆ ಹಪ್ಪಳದಂತೆ ಜೋತುಬೀಳುತ್ತದೆ, ಮತ್ತೆ ಬರುವುದಿಲ್ಲ. ಉಣ್ಣೆಯದನ್ನು ಅಂಟುವಾಳದ ಉಗುರುಬೆಚ್ಚನೆಯ ನೀರಿನಲ್ಲಿ ನೆನೆಸಿ, ತಿಕ್ಕದೆ ಹಿಂಡದೆ, ಟವೆಲಿನಲ್ಲಿ ಸುರುಳಿ ಸುತ್ತಿ ಒತ್ತಿ, ನೆರಳಲ್ಲಿ ಹಾಸಿ ಒಣಗಿಸಿ. ತಂತಿಗೆ ನೇತುಹಾಕಿದರೆ ಉದ್ದಾಗುತ್ತದೆ.

ಈಗ ನನಗೂ ಒಂದು ಜೋಡಿ ಇದೆ, ಕೆಂಪಂಚಿನ ಬೂದು ಬಣ್ಣದ್ದು. ನಸುಕಿನಲ್ಲಿ ಅದನ್ನು ತೊಟ್ಟೇ ಅಬ್ಬಲಿಗೆ ಹೂ ಕಟ್ಟುತ್ತೇನೆ, ಬೆರಳು ಬರಿದಿರುವುದರಿಂದ ನಾರು ಜಾರುವುದಿಲ್ಲ. ಪರ್ವತಿ ಗುಡ್ಡದ ಮೆಟ್ಟಿಲು ಹತ್ತುವಾಗ ಕಬ್ಬಿಣದ ಕಟಾಂಜನ ಹಿಡಿಯಲಿಕ್ಕೂ ಅನುಕೂಲ. ಹೋಳಿ ಮುಗಿದು ಬಿಸಿಲು ಏರಿದ ಮೇಲೆ ತೊಳೆದು, ಪೂರ್ತಿ ಒಣಗಿಸಿ, ಒಣ ಬೇವಿನೆಲೆಯ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಿ. ನುಸಿ ತಿನ್ನುವುದು ಉಣ್ಣೆಯನ್ನು, ಅಕ್ರಿಲಿಕ್ಕಿಗೆ ಆ ಭಯವಿಲ್ಲ. ಡಬ್ಬಿಯಲ್ಲೇ ಅದೇ ಉಲನ್ನಿನ ಒಂದು ಮಾರು ದಾರ ಮತ್ತು 38, 6, 10, 2 ಅಂತ ಬರೆದ ಚೀಟಿಯನ್ನೂ ಹಾಕಿಡಿ, ಮುಂದಿನ ವರ್ಷ ಹೆಬ್ಬೆರಳ ಕಂಡಿ ಹರಿದಾಗ ಹುಡುಕಬೇಕಾಗುವುದಿಲ್ಲ.