ವಾಕರಿಕೆಗೆ ಮಣಿಕಟ್ಟಿನ ಬಿಂದು: ಹುಡುಕುವುದು ಹೇಗೆ, ಒತ್ತುವುದು ಹೇಗೆ?

ಚೀನಾದ ಸಾಂಗ್ ರಾಜವಂಶದ ಕಾಲದಲ್ಲಿ, 1027ರಲ್ಲಿ, ವಾಂಗ್ ವೇಯ್‌ಯಿ ಎಂಬ ಆಸ್ಥಾನ ವೈದ್ಯ ಕಂಚಿನಲ್ಲಿ ಎರಡು ಮನುಷ್ಯಾಕೃತಿಗಳನ್ನು ಎರಕ ಹೊಯ್ಯಿಸಿದ. ಅಕ್ಯುಪಂಕ್ಚರ್ ಎಂಬ ಸೂಜಿ ಚಿಕಿತ್ಸೆಯಲ್ಲಿ ಸೂಜಿ ಚುಚ್ಚಬೇಕಾದ ಬಿಂದುಗಳಲ್ಲೆಲ್ಲ ಸಣ್ಣ ರಂಧ್ರಗಳಿದ್ದವು. ಪರೀಕ್ಷೆಯ ದಿನ ಆಕೃತಿಯ ಮೈಗೆ ಮೇಣ ಬಳಿದು, ಒಳಗೆ ನೀರು ತುಂಬುತ್ತಿದ್ದರಂತೆ. ವಿದ್ಯಾರ್ಥಿಯ ಸೂಜಿ ಸರಿಯಾದ ಜಾಗಕ್ಕೆ ಇಳಿದರೆ ನೀರು ಜಿನುಗುತ್ತಿತ್ತು. ತಪ್ಪಿದರೆ ನಪಾಸು.

ಇಂಥ ಕಟ್ಟುನಿಟ್ಟಿನ ವಿದ್ಯೆ ಇಂದು ಮೊಬೈಲಿನಲ್ಲಿ ಹರಿದಾಡುವ ಕೆಂಪು ಚುಕ್ಕೆಗಳ ಚಿತ್ರವಾಗಿರುವುದು ಬೇಸರದ ಸಂಗತಿ. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಲ್ಲಿ 361 ಬಿಂದುಗಳಿವೆ. ಅಷ್ಟೂ ನಮಗೆ ಬೇಡ. ಒಂದನ್ನು ಸರಿಯಾಗಿ ಹುಡುಕಲು ಕಲಿತರೆ ಉಳಿದವನ್ನು ಹುಡುಕುವ ದಾರಿಯೂ ತಿಳಿಯುತ್ತದೆ. ಆ ಒಂದಾಗಿ, ವಾಕರಿಕೆಗೆ ಸೂಜಿಯಿಲ್ಲದೆ ಬೆರಳಿನಿಂದಲೇ ಒತ್ತುವ, ಮಣಿಕಟ್ಟಿನ ಬಳಿಯ ನೇಯ್‌ಗುವಾನ್ ಬಿಂದುವನ್ನು ತೆಗೆದುಕೊಳ್ಳೋಣ.

ಮೊದಲು ಅಳತೆ. ಚೀನೀ ವೈದ್ಯರು ಬಿಂದುಗಳನ್ನು ಸೆಂಟಿಮೀಟರ್‌ಗಳಲ್ಲಿ ಹೇಳುವುದಿಲ್ಲ. ಅವರ ಮಾನ ತ್ಸುನ್. ಹೆಬ್ಬೆರಳಿನ ಗೆಣ್ಣಿನ ಅಗಲ ಒಂದು ತ್ಸುನ್. ತೋರುಬೆರಳಿನಿಂದ ಉಂಗುರದ ಬೆರಳಿನವರೆಗೆ ಮೂರು ಬೆರಳು ಜೋಡಿಸಿದರೆ ಸುಮಾರು ಎರಡು, ಕಿರುಬೆರಳೂ ಸೇರಿದರೆ ಮೂರು. ಬೆರಳು ಯಾರದ್ದು ಎಂಬುದೇ ಇಲ್ಲಿ ಮುಖ್ಯ: ಯಾರ ಮೈಮೇಲೆ ಬಿಂದು ಹುಡುಕುತ್ತೀರೋ ಅವರದ್ದೇ ಆಗಬೇಕು. ಮಗುವಿನ ಕೈಯನ್ನು ತಾಯಿಯ ಬೆರಳಿನಿಂದ ಅಳೆದರೆ ಬಿಂದು ಮೊಣಕೈಯತ್ತ ಜಾರಿಬಿಡುತ್ತದೆ.

ಈಗ ಎಡಗೈಯನ್ನು ಅಂಗೈ ಮೇಲಾಗಿ ತೊಡೆಯ ಮೇಲಿಡಿ. ಅಂಗೈ ಮುಗಿದು ಮಣಿಕಟ್ಟು ಆರಂಭವಾಗುವಲ್ಲಿ ಅಡ್ಡ ಗೆರೆ ಕಾಣುತ್ತದೆ. ಎರಡು ಮೂರು ಗೆರೆಗಳಿದ್ದರೆ ಅಂಗೈಗೆ ಹತ್ತಿರದ್ದನ್ನು ಹಿಡಿಯಿರಿ. ಬಲಗೈಯ ಮೂರು ಬೆರಳು ಜೋಡಿಸಿ, ಉಂಗುರದ ಬೆರಳು ಆ ಗೆರೆಗೆ ತಾಗುವಂತೆ ಅಡ್ಡಲಾಗಿ ಇಡಿ. ತೋರುಬೆರಳಿನ ಮೇಲಂಚು ಎಲ್ಲಿ ಮುಗಿಯುತ್ತದೋ ಆ ಎತ್ತರದಲ್ಲಿ ಬಿಂದುವಿದೆ. ಇನ್ನು ಅದರ ಅಡ್ಡ ಸ್ಥಾನ. ಎಡಗೈಯ ಹೆಬ್ಬೆರಳು, ಕಿರುಬೆರಳುಗಳ ತುದಿ ಜೋಡಿಸಿ ಮಣಿಕಟ್ಟನ್ನು ತುಸು ಒಳಕ್ಕೆ ಮಡಚಿ. ಕೈಯ ನಡುವೆ ಹಗ್ಗದಂತೆ ಎರಡು ಸ್ನಾಯುರಜ್ಜುಗಳು ಎದ್ದು ಬರುತ್ತವೆ. ಅವುಗಳ ನಡುವಿನ ತಗ್ಗೇ ನೇಯ್‌ಗುವಾನ್. ಕೆಲವರಿಗೆ ಹುಟ್ಟಿನಿಂದಲೇ ಇವೆರಡರಲ್ಲಿ ಕಿರುಬೆರಳಿನ ಕಡೆಯ ರಜ್ಜು ಇರುವುದಿಲ್ಲ. ಅದೇನೂ ದೋಷವಲ್ಲ, ಅಂಥವರು ಹೆಬ್ಬೆರಳಿನ ಕಡೆಯ ರಜ್ಜುವನ್ನು ಹಿಡಿದು, ಅದರ ಪಕ್ಕದಲ್ಲಿ ಕಿರುಬೆರಳಿನತ್ತ ಇರುವ ಜಾಗವನ್ನು ಒತ್ತಬೇಕು.

ಕೈ ಸಡಿಲಬಿಟ್ಟು, ಹೆಬ್ಬೆರಳಿನ ಮೆತ್ತನೆಯ ಭಾಗದಿಂದ ನೇರವಾಗಿ ಕೆಳಕ್ಕೆ ಒತ್ತಿ. ಉಗುರು ತಾಗಬಾರದು. ಸಣ್ಣ ವೃತ್ತದಲ್ಲಿ ತಿರುವುತ್ತ, ಉಸಿರನ್ನು ನಿಧಾನಗೊಳಿಸಿ, ಎರಡು ಮೂರು ನಿಮಿಷ ಒತ್ತಿದರೆ ಸಾಕು; ಆಮೇಲೆ ಇನ್ನೊಂದು ಕೈ. ಬಿಂದು ಸಿಕ್ಕಿತು ಎಂಬುದಕ್ಕೆ ಚೀನೀ ವೈದ್ಯರು ನೋಡುವ ಗುರುತು ಒಳಗಿನಿಂದ ಬರುವ ಭಾರ, ಮಂದವಾದ ನೋವು, ತುಸು ಜೋಮು. ಬೆರಳುಗಳಿಗೆ ಕರೆಂಟ್ ಹೊಡೆದಂತಾದರೆ ಒತ್ತಡ ಹೆಚ್ಚಾಗಿದೆ ಎಂದರ್ಥ. ಆ ಜಾಗದ ಕೆಳಗೇ ಕೈಯ ಮುಖ್ಯ ನರವೊಂದು ಹಾದುಹೋಗುತ್ತದೆ. ಕೂಡಲೇ ಸಡಿಲಿಸಿ.

ವಾಕರಿಕೆಗೆ ಮಣಿಕಟ್ಟೇ ಏಕೆ? ಚೀನೀ ವೈದ್ಯದ ಪ್ರಕಾರ ಹೊಟ್ಟೆಯ ‘ಚೀ’ ಎಂಬ ಪ್ರಾಣಶಕ್ತಿ ಸಹಜವಾಗಿ ಕೆಳಮುಖ. ಅದು ತಿರುಗಿ ಮೇಲೇರಿದರೆ ವಾಕರಿಕೆ, ಬಿಕ್ಕಳಿಕೆ. ಚೀ ಹರಿಯುವ ದಾರಿಗಳನ್ನು ನಾಡಿಗಳೆನ್ನುತ್ತಾರೆ; ಎದೆಯಿಂದ ಕೈಗೆ ಇಳಿಯುವ ನಾಡಿಯ ಮೇಲಿರುವ ನೇಯ್‌ಗುವಾನ್ ಅದನ್ನು ಮತ್ತೆ ಕೆಳಕ್ಕೆ ತರುತ್ತದೆ. ಆಧುನಿಕ ಅಂಗರಚನಾ ಶಾಸ್ತ್ರಕ್ಕೆ ಈ ನಾಡಿಗಳು ಕಂಡಿಲ್ಲ. ಆದರೆ ಇದೇ ಬಿಂದುವನ್ನು ಪ್ರಚೋದಿಸಿದಾಗ ಶಸ್ತ್ರಚಿಕಿತ್ಸೆಯ ನಂತರದ ವಾಕರಿಕೆ, ವಾಂತಿ ಕಡಿಮೆಯಾಗುತ್ತವೆ ಎಂದು ಹಲವು ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದ 2015ರ ಕಾಕ್ರೇನ್ ವಿಮರ್ಶೆ ಕಂಡುಕೊಂಡಿದೆ. ಆಗುಂಬೆ, ಚಾರ್ಮಾಡಿಯ ತಿರುವುಗಳಲ್ಲಿ ಬಸ್ಸಿನೊಳಗೆ ಬರುವ ವಾಂತಿಗೆ ಅಷ್ಟು ಗಟ್ಟಿಯಾದ ಪುರಾವೆಯಿಲ್ಲ. ಮಿತವಾಗಿ ಒತ್ತಿದರೆ ಹಾನಿಯೂ ಇಲ್ಲದ್ದರಿಂದ ಮಾಡಿ ನೋಡಬಹುದು. ಘಟ್ಟ ಇಳಿಯುವ ಮೊದಲೇ ಆರಂಭಿಸಿ.

ಇದೇ ಬೆರಳಳತೆಯಿಂದ ಮೊಣಕಾಲಿನ ಕೆಳಗಿರುವ ಜು-ಸಾನ್-ಲಿ ಸಿಗುತ್ತದೆ. ಹೊಟ್ಟೆಯ ತೊಂದರೆಗಳಿಗೆ ಚೀನೀ ವೈದ್ಯರು ಮೊದಲು ನೆನೆಯುವ ಬಿಂದು ಇದು. ಕಾಲು ಮಡಚಿ ಕುಳಿತು, ಚಿಪ್ಪಿನ ಕೆಳಗೆ ಹೊರಬದಿಯ ತಗ್ಗಿನಿಂದ ನಾಲ್ಕು ಬೆರಳು ಕೆಳಗೆ, ಮುಂಗಾಲ ಮೂಳೆಯಂಚಿನಿಂದ ಒಂದು ಬೆರಳು ಹೊರಗೆ ನೋಡಿ. ಪಾದವನ್ನು ಮೇಲಕ್ಕೆತ್ತಿದಾಗ ಅಲ್ಲಿ ಮಾಂಸಖಂಡ ಉಬ್ಬಬೇಕು. ಹಲ್ಲುನೋವು, ತಲೆನೋವಿಗೆ ಹೇಳುವ ಹೆಗು ಬಿಂದು ಹೆಬ್ಬೆರಳು, ತೋರುಬೆರಳುಗಳ ನಡುವೆ, ಕೈಯ ಹಿಂಬದಿಯಲ್ಲಿದೆ. ಗರ್ಭಿಣಿಯರು ಇದನ್ನು ಒತ್ತಬಾರದು ಎಂಬುದು ಹಳೆಯ ನಿಯಮ, ಅದನ್ನು ಪಾಲಿಸಿ. ಹಲ್ಲುನೋವು ತುಸು ತಗ್ಗಿದ ಮಾತ್ರಕ್ಕೆ ದಂತವೈದ್ಯರ ಭೇಟಿಯನ್ನು ಮುಂದೂಡಬೇಡಿ.

ಗಾಯ, ಊತ, ಉಬ್ಬಿದ ರಕ್ತನಾಳ ಇರುವಲ್ಲಿ ಒತ್ತಬೇಡಿ. ಎದೆನೋವಿನೊಂದಿಗೆ ವಾಕರಿಕೆ ಬಂದರೆ, ತಲೆಗೆ ಪೆಟ್ಟು ಬಿದ್ದ ಮೇಲೆ ವಾಂತಿಯಾದರೆ, ವಾಂತಿಯಲ್ಲಿ ರಕ್ತ ಕಂಡರೆ ಬಿಂದು ಹುಡುಕುತ್ತ ಕೂರದೆ ಆಸ್ಪತ್ರೆಗೆ ಹೋಗಿ. ಸೂಜಿಯನ್ನಂತೂ ಮನೆಯಲ್ಲಿ ಯಾರೂ ಮುಟ್ಟಬಾರದು. ಎದೆಯ ಮೇಲೆ ಆಳವಾಗಿ ಚುಚ್ಚಿದ ಸೂಜಿ ಶ್ವಾಸಕೋಶವನ್ನೇ ತೂತು ಮಾಡಬಲ್ಲದು. ತರಬೇತಿ ಪಡೆದವರ ಬಳಿ ಹೋದಾಗಲೂ, ಒಮ್ಮೆ ಬಳಸಿ ಎಸೆಯುವ ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯುವಂತೆ ಕೇಳಿ.