ಕಿಟಕಿಗೆ ಕಟ್ಟಿದ ಪಂಚೆ

ಆ ಮಗುವಿಗೆ ಆಗ ತಾನೆ ಆರು ತಿಂಗಳು ತುಂಬಿತ್ತು. ಅನ್ನಪ್ರಾಶನಕ್ಕೆ ಮುಂಚೆ ಒಂದು ಒಳ್ಳೆ ಫೋಟೋ ಇರಲಿ ಅಂತ ಅಪ್ಪ, ಅಮ್ಮ, ಅಜ್ಜಿ ಎಲ್ಲರೂ ಬಂದಿದ್ದರು. ಸ್ಟುಡಿಯೋ ಬಾಗಿಲು ದಾಟಿದ್ದೇ ತಡ, ತಾಯಿ ಸೆರಗಿನಿಂದ ಮಗುವಿನ ಮೂಗು ಮುಚ್ಚಿದರು. ಹಿಂದಿನ ರಾತ್ರಿ ಹನ್ನೊಂದರವರೆಗೆ ನಾನು ಅಲ್ಲಿ ಚಿತ್ರ ಬರೆದಿದ್ದೆ. ಟರ್ಪೆಂಟೈನ್ ಡಬ್ಬಿಗೆ ಮುಚ್ಚಳ ಹಾಕಿರಲಿಲ್ಲ. ನನ್ನ ಮೂಗಿಗೆ ಒಗ್ಗಿಹೋದ ವಾಸನೆ ಅದು, ಗೊತ್ತೇ ಆಗಿರಲಿಲ್ಲ.

ಅದೇ ಸ್ಟುಡಿಯೋದಲ್ಲಿ ಫೋಟೋ ತೆಗೆಯುವ ನನ್ನ ಗೆಳತಿ ಎಲ್ಲರನ್ನೂ ಕೆಳಗೆ ಕರೆದುಕೊಂಡು ಹೋಗಿ ಮನೆ ಮಾಲೀಕರ ಜಗಲಿಯ ಮೇಲೆ ಕೂರಿಸಿ ಫೋಟೋ ತೆಗೆದಳು. ಚೆನ್ನಾಗಿಯೇ ಬಂದವು. ಅವರೆಲ್ಲ ಹೋದ ಮೇಲೆ ನನ್ನ ಎದುರು ಕೂತು ಹೇಳಿದಳು: "ನಡುವೆ ಒಂದು ಗೋಡೆ ಎಬ್ಬಿಸೋಣ, ಇಲ್ಲಾಂದ್ರೆ ಕೂತು ಮಾತಾಡೋಣ ಕಣೇ."

ಗೋಡೆ ಎಬ್ಬಿಸಲಿಲ್ಲ. ಮಾತಾಡಿದೆವು. ಅದಾಗಿ ಏಳು ವರ್ಷ.

ನಾವಿಬ್ಬರೂ ಮೈಸೂರಿನ ಕಾವಾ ಅನ್ನುವ ಕಲಾ ಕಾಲೇಜಿನಲ್ಲಿ ಓದಿದವರು. ನಾನು ಚಿತ್ರಕಲೆ, ಅವಳು ಛಾಯಾಗ್ರಹಣ. ಓದುವಾಗ ಜಗನ್ಮೋಹನ ಅರಮನೆಗೆ ಹೋಗಿ ಕಲಾವಿದ ಹಲ್ದಣಕರ್ ಅವರ ಆ ದೀಪ ಹಿಡಿದ ಹೆಣ್ಣುಮಗಳ ಚಿತ್ರದ ಮುಂದೆ ತುಂಬಾ ಹೊತ್ತು ನಿಲ್ಲುತ್ತಿದ್ದೆವು. ಎಷ್ಟೋ ಜನ ಅದನ್ನು ರವಿವರ್ಮನ ಎಣ್ಣೆವರ್ಣದ ಚಿತ್ರ ಅಂದುಕೊಂಡಿದ್ದಾರೆ. ಅದು ಜಲವರ್ಣ. ಬೆರಳ ಸಂದಿಯಲ್ಲಿ ಬೆಳಕು ಕೆಂಪಗೆ ಸೋಸಿ ಬರುತ್ತದೆಯಲ್ಲ, ಅದನ್ನು ಬಣ್ಣದಲ್ಲಿ ಹೇಗೆ ತಂದಿದ್ದಾರೆ ಅಂತ ನಾನು ನೋಡುತ್ತಿದ್ದೆ. ಆ ಒಂದು ದೀಪ ಮುಖದಿಂದ ಎಷ್ಟು ದೂರ ಇದ್ದರೆ ನೆರಳು ಹೀಗೆ ಬೀಳುತ್ತದೆ ಅಂತ ಅವಳು ಲೆಕ್ಕ ಹಾಕುತ್ತಿದ್ದಳು. ಒಂದೇ ಚಿತ್ರ, ಇಬ್ಬರದೂ ಬೇರೆ ಬೇರೆ ನೋಟ. ಜೊತೆಗೆ ಕೆಲಸ ಮಾಡಬೇಕು ಅನ್ನಿಸಿದ್ದು ಅಲ್ಲೇ.

ನಮಗೆ ಸಿಕ್ಕಿದ್ದು ಅಗ್ರಹಾರದ ಹತ್ತಿರ ಹಳೆಯ ಮನೆಯೊಂದರ ಮಹಡಿ. ಮೂವತ್ತು ಅಡಿ ಉದ್ದ, ಹದಿನೆಂಟು ಅಡಿ ಅಗಲದ ಒಂದೇ ಹಜಾರ. ಉತ್ತರಕ್ಕೆ ಮೂರು ದೊಡ್ಡ ಕಿಟಕಿ. ನಾನು ಒಪ್ಪಿದ್ದೇ ಆ ಕಿಟಕಿಗಳಿಗಾಗಿ. ಚಿತ್ರ ಬರೆಯುವವರಿಗೆ ಉತ್ತರದ ಬೆಳಕು ಬೇಕು, ಅಲ್ಲಿ ಬಿಸಿಲು ನೇರವಾಗಿ ಬೀಳುವುದಿಲ್ಲ, ಇಡೀ ದಿನ ಬೆಳಕು ಒಂದೇ ತೆರನಾಗಿರುತ್ತದೆ ಅಂತ ಪುಸ್ತಕಗಳಲ್ಲಿ ಓದಿದ್ದೆ. ಆ ಪುಸ್ತಕಗಳನ್ನು ಬರೆದವರು ಯುರೋಪಿನವರು. ನಮ್ಮ ಮೈಸೂರು ಇರುವುದು ಸುಮಾರು 12 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಇಲ್ಲಿ ನಡುಮಧ್ಯಾಹ್ನದ ಸೂರ್ಯನೂ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಮಧ್ಯಾಹ್ನವನ್ನು ಸೂರು ತಡೆಯುತ್ತದೆ. ಬೆಳಿಗ್ಗೆ, ಸಂಜೆ ಮಾತ್ರ ಬಿಸಿಲು ಓರೆಯಾಗಿ ಒಳಗೆ ನುಗ್ಗುತ್ತದೆ. ಮೊದಲ ಮೇ ತಿಂಗಳಲ್ಲಿ ನನ್ನ ಕ್ಯಾನ್ವಾಸ್ ಮೇಲೆ ಕಿಟಕಿ ಸರಳುಗಳ ನೆರಳು ಬಿದ್ದು, ಬೆಳಿಗ್ಗೆ ಕಲಸಿದ ಬಣ್ಣ ಹತ್ತು ಗಂಟೆಗೆ ಬೇರೆಯೇ ಕಾಣುತ್ತಿತ್ತು.

ಅವಳ ಕಷ್ಟ ಬೇರೆ. ಅವಳಿಗೆ ಹೊರಗಿನ ಬೆಳಕೇ ಬೇಡ. ಫ್ಲ್ಯಾಶ್ ಹಾಕಿ ಕೆಲಸ ಮಾಡುವಾಗ ಕಿಟಕಿಗೆ ಕಪ್ಪು ಪರದೆ ಎಳೆಯುತ್ತಿದ್ದಳು. ಅವಳು ಎಳೆದರೆ ನನಗೆ ಕತ್ತಲೆ, ನಾನು ಸರಿಸಿದರೆ ಅವಳಿಗೆ ತೊಂದರೆ. ದಿನಕ್ಕೆ ಐದಾರು ಸಲ ಇದೇ ನಡೆಯುತ್ತಿತ್ತು.

ದಾರಿ ತೋರಿಸಿದ್ದು ನನ್ನ ಅಪ್ಪನ ಪಂಚೆ. ಬಿಸಿಲು ತಡೆಯಲಾರದೆ ಒಂದು ದಿನ ಹಳೆಯ ಬಿಳಿ ಪಂಚೆಯನ್ನು ಕಿಟಕಿಗೆ ಕಟ್ಟಿದೆ. ನೆರಳಿನ ಗೆರೆಗಳು ಮಾಯವಾದವು, ಹಜಾರದಲ್ಲೆಲ್ಲ ಮೆತ್ತನೆ ಬೆಳಕು ತುಂಬಿತು. ಅವಳು ಬಂದು ನೋಡಿದಳು. ಪಂಚೆಯ ಪಕ್ಕದಲ್ಲಿ ನನ್ನನ್ನು ನಿಲ್ಲಿಸಿ ನಾಲ್ಕು ಫೋಟೋ ತೆಗೆದಳು. "ಇಷ್ಟು ದೊಡ್ಡ ಸಾಫ್ಟ್‌ಬಾಕ್ಸ್ ದುಡ್ಡು ಕೊಟ್ರೂ ಸಿಗಲ್ಲ ಕಣೇ" ಅಂದಳು. ಸಾಫ್ಟ್‌ಬಾಕ್ಸ್ ಅಂದರೆ ಫ್ಲ್ಯಾಶ್ ಬೆಳಕನ್ನು ಮೆತ್ತಗಾಗಿಸುವ, ಬಿಳಿ ಬಟ್ಟೆ ಹಾಕಿದ ಪೆಟ್ಟಿಗೆ. ಈಗ ಮೂರು ಕಿಟಕಿಗೂ ಪಂಚೆ ಇದೆ. ಅದರ ಹಿಂದೆ ಕಪ್ಪು ಪರದೆಯೂ ಇದೆ, ತೀರಾ ಬೇಕಾದಾಗ ಮಾತ್ರ ಎಳೆಯುತ್ತಾಳೆ. ಅವಳ ಮುಕ್ಕಾಲು ಭಾವಚಿತ್ರಗಳು ಈಗ ಆ ಪಂಚೆಯ ಬೆಳಕಿನಲ್ಲೇ ಆಗುತ್ತವೆ.

ಇನ್ನು ಉಳಿದದ್ದು ವೇಳೆ ಹಂಚಿಕೊಳ್ಳುವುದು. ದಿನದ ಲೆಕ್ಕ ಸುಲಭ. ಬೆಳಿಗ್ಗೆ ಎಂಟರಿಂದ ಒಂದರವರೆಗೆ ನನ್ನದು, ಆಮೇಲೆ ಅವಳದು. ಆದರೆ ನಮ್ಮನ್ನು ನಿಜವಾಗಿ ಕಾಪಾಡಿದ್ದು ಪಂಚಾಂಗ. ಆಷಾಢದಲ್ಲಿ ಮದುವೆ ಇಲ್ಲ, ಪಿತೃಪಕ್ಷದಲ್ಲಿ ಇಲ್ಲ, ಧನುರ್ಮಾಸದಲ್ಲೂ ಇಲ್ಲ. ಅವಳಿಗೆ ಕೆಲಸ ಕಡಿಮೆಯಾದಾಗಲೆಲ್ಲ ಹಜಾರ ಪೂರ್ತಿ ನನ್ನದು. ದೊಡ್ಡ ಕ್ಯಾನ್ವಾಸ್ ಇದ್ದರೆ ಆಷಾಢಕ್ಕೇ ಇಟ್ಟುಕೊಳ್ಳುತ್ತೇನೆ. ಮೋಡ ಕವಿದ ಆಕಾಶದ ಬೆಳಕು ಗಂಟೆಗಟ್ಟಲೆ ಅಲುಗಾಡುವುದಿಲ್ಲ. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ನಡೆಯುವುದು ಜನವರಿ ಮೊದಲ ವಾರದ ಆಸುಪಾಸಿನಲ್ಲಿ, ಅಂದರೆ ಸರಿಯಾಗಿ ಧನುರ್ಮಾಸದ ನಡುವೆ. ಸಂತೆಗೆ ಹೊರಡುವ ಮುಂಚೆ ಚಿತ್ರಗಳ ಫೋಟೋ ತೆಗೆಯಬೇಕು, ಪ್ರಿಂಟ್ ಹಾಕಿಸಬೇಕು. ಆಗ ಅವಳು ಬಿಡುವಾಗಿರುತ್ತಾಳೆ. ನಾವು ಲೆಕ್ಕ ಹಾಕಿ ಮಾಡಿಕೊಂಡದ್ದಲ್ಲ ಇದು, ಹಾಗೇ ಕೂಡಿ ಬಂತು.

ವಾಸನೆಯ ವಿಷಯಕ್ಕೆ ಬರುತ್ತೇನೆ. ಟರ್ಪೆಂಟೈನ್ ಪೂರ್ತಿ ಬಿಟ್ಟೆ. ಬಣ್ಣ ತೆಳುವಾಗಿಸಲು ಸ್ವಲ್ಪ ಅಗಸೆ ಎಣ್ಣೆ ಸಾಕು. ಬ್ರಷ್ ತೊಳೆಯಲು ಮೊದಲು ಅಡುಗೆ ಎಣ್ಣೆಯಲ್ಲಿ ಅದ್ದಿ ಬಟ್ಟೆಗೆ ಒರೆಸುತ್ತೇನೆ, ಬಣ್ಣ ಬಿಟ್ಟ ಮೇಲೆ ಬಟ್ಟೆ ಸೋಪು ಹಾಕಿ ತಿಕ್ಕುತ್ತೇನೆ. ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ, ಅಷ್ಟೇ.

ಆದರೆ ಆ ಒರೆಸಿದ ಬಟ್ಟೆಗಳ ಬಗ್ಗೆ ಹೇಳಲೇಬೇಕು. ಅಗಸೆ ಎಣ್ಣೆ ನೀರಿನ ಹಾಗೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ, ಆಗ ಶಾಖ ಹುಟ್ಟುತ್ತದೆ. ಬಟ್ಟೆ ಮುದ್ದೆಯಾಗಿದ್ದರೆ ಆ ಶಾಖ ಹೊರಗೆ ಹೋಗದೆ ಒಳಗೇ ಏರುತ್ತದೆ. ಒಂದು ಸಂಜೆ ಕಸದ ಬುಟ್ಟಿ ಎತ್ತಿದಾಗ ತಳ ಬಿಸಿಯಾಗಿತ್ತು. ಒಳಗೆ ಕೈ ಹಾಕಿದರೆ ಆಗ ತಾನೆ ಇಸ್ತ್ರಿ ಮಾಡಿದ ಬಟ್ಟೆಯಷ್ಟು ಸುಡುತ್ತಿತ್ತು. ಪಕ್ಕದಲ್ಲೇ ಅವಳ ಬ್ಯಾಕ್‌ಡ್ರಾಪ್ ಕಾಗದದ ಸುರುಳಿಗಳು ನಿಂತಿದ್ದವು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಂದಿನಿಂದ ಎಣ್ಣೆ ಬಟ್ಟೆ ಅಂದರೆ ನೀರು ತುಂಬಿದ ತಗಡಿನ ಡಬ್ಬ, ಮೇಲೆ ಮುಚ್ಚಳ. ಎಣ್ಣೆವರ್ಣದಲ್ಲಿ ಕೆಲಸ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ ಈ ಒಂದನ್ನು ದಯವಿಟ್ಟು ಇವತ್ತೇ ಮಾಡಿ.

ಅವಳ ಕಡೆಯಿಂದಲೂ ತೊಂದರೆ ಆಗಿದ್ದುಂಟು. ಅರಿಶಿನ ಶಾಸ್ತ್ರದ ಫೋಟೋಗೆ ಹುಡುಗಿಯ ಮೇಲೆ ಅರಿಶಿನದ ಪುಡಿ ತೂರಿದ್ದರು. ಈಸೆಲ್ ಮೇಲೆ ಬಣ್ಣ ಇನ್ನೂ ಹಸಿಯಿದ್ದ ಆಕಾಶದ ಚಿತ್ರ ಇತ್ತು, ಪುಡಿ ಅದಕ್ಕೆ ಅಂಟಿತು. ಮಾರನೆಯ ದಿನ ಪ್ಯಾಲೆಟ್ ಚಾಕು ಹಿಡಿದು ಆ ಆಕಾಶವನ್ನೆಲ್ಲ ಕೆರೆದು ತೆಗೆದೆ. ಈಗ ಹಸಿ ಕ್ಯಾನ್ವಾಸನ್ನು ಮುಖ ಗೋಡೆಗೆ ಮಾಡಿ ಓರೆಯಾಗಿ ನಿಲ್ಲಿಸುತ್ತೇನೆ, ಧೂಳು ಹಿಂಬದಿಗೆ ಬೀಳುತ್ತದೆ. ಮಳೆಗಾಲದಲ್ಲಿ ಅವಳ ಲೆನ್ಸ್‌ಗಳಿಗೆ ಬೂಷ್ಟು ಹಿಡಿಯುವ ಭಯ. ಅದಕ್ಕೆ ತೇವ ಅಳೆಯುವ ಮೀಟರ್ ಇರುವ ಗಾಳಿಯಾಡದ ಪೆಟ್ಟಿಗೆ ಇಟ್ಟಿದ್ದಾಳೆ. ಮುಳ್ಳು ಶೇಕಡ 40ರಿಂದ 50ರ ನಡುವೆ ಇರಬೇಕು. ಒಳಗೆ ತೇವ ಹೀರಲು ಇಟ್ಟ ಸಿಲಿಕಾ ಜೆಲ್ ಹರಳು ನೀಲಿ ಹೋಗಿ ಗುಲಾಬಿಗೆ ತಿರುಗಿದರೆ ಬಿಸಿ ಮಾಡಿ ಒಣಗಿಸುವುದು ನನ್ನ ಪಾಲಿನ ಕೆಲಸ.

ಗೋಡೆಗೆ ಬೂದು ಬಣ್ಣ ಹೊಡೆಸಿದ ಕಾರಣವನ್ನೂ ಹೇಳುತ್ತೇನೆ. ಮೊದಲು ಗೋಡೆ ತಿಳಿ ಹಳದಿ ಇತ್ತು, ಎಲ್ಲರ ಮುಖಕ್ಕೂ ಆ ಹಳದಿ ಹತ್ತುತ್ತಿತ್ತು. ಒಮ್ಮೆ ನನ್ನ ನಾಲ್ಕಡಿ ಕೆಂಪು ಕ್ಯಾನ್ವಾಸ್ ಬದಿಗಿತ್ತು. ಮದುಮಗಳ ಒಂದು ಕೆನ್ನೆ ಜ್ವರ ಬಂದ ಹಾಗೆ ಕಂಡಿತು. ಬೂದು ಗೋಡೆ ಯಾವ ಬಣ್ಣವನ್ನೂ ಎರವಲು ಕೊಡುವುದಿಲ್ಲ. ನನ್ನ ಚಿತ್ರಗಳಿಗೂ ಅದೇ ಒಳ್ಳೆಯದಾಯಿತು.

ಜೊತೆಗಿದ್ದದ್ದರಿಂದ ನನಗೆ ಅತಿ ಹೆಚ್ಚು ಲಾಭ ಆದದ್ದು ಚಿತ್ರಗಳ ಫೋಟೋ ವಿಷಯದಲ್ಲಿ. ಮೊದಲು ಫೋನಿನಲ್ಲಿ ತೆಗೆಯುತ್ತಿದ್ದೆ. ದೂರದ ಊರಿನವರೊಬ್ಬರು ಫೋಟೋ ನೋಡಿ ಚಿತ್ರ ಕೊಂಡರು. ಕೈಗೆ ಸಿಕ್ಕ ಮೇಲೆ, ಹಸಿರು ಇಷ್ಟು ಗಾಢ ಅಂತ ಗೊತ್ತಿರಲಿಲ್ಲ ಅಂದರು. ಅವರ ತಪ್ಪಲ್ಲ ಅದು.

ಈಗ ನಾವು ಮಾಡುವುದು ಹೀಗೆ. ವಾರ್ನಿಶ್ ಹಚ್ಚುವ ಮುಂಚೆಯೇ ಫೋಟೋ ತೆಗೆಯುತ್ತೇವೆ, ಹೊಳಪು ಕಡಿಮೆ ಇರುತ್ತದೆ. ಚಿತ್ರವನ್ನು ಗೋಡೆಗೆ ನೇರವಾಗಿ ತೂಗುಹಾಕಿ, ನಡುವೆ ಒಂದು ಪುಟ್ಟ ಕನ್ನಡಿಯನ್ನು ಚಪ್ಪಟೆಯಾಗಿ ಹಿಡಿಯುತ್ತೇನೆ. ಕ್ಯಾಮೆರಾದಲ್ಲಿ ನೋಡಿದಾಗ ಆ ಕನ್ನಡಿಯಲ್ಲಿ ಲೆನ್ಸ್ ಸರಿಯಾಗಿ ನಡುವೆ ಕಾಣಬೇಕು. ಕಂಡರೆ ಕ್ಯಾಮೆರಾ ಮತ್ತು ಚಿತ್ರ ನೇರ ಎದುರಾಗಿವೆ ಅಂತ ಅರ್ಥ. ಪಂಚೆಯ ಬೆಳಕು ಒಂದೇ ಕಡೆಯಿಂದ ಬರುವುದರಿಂದ ಇಲ್ಲಿಗೆ ಸಾಲದು. ಪರದೆ ಎಳೆದು, ಎಡಬಲಕ್ಕೆ 45 ಡಿಗ್ರಿಯಲ್ಲಿ ಒಂದೊಂದು ದೀಪ ಇಡುತ್ತಾಳೆ. ಆಮೇಲೆ ಬಣ್ಣ ಸರಿಹೊಂದಿಸಲು ಬೇಕಾದ ಬೂದು ಬಣ್ಣದ ಗ್ರೇ ಕಾರ್ಡ್ ಇಟ್ಟು ಒಂದು ಫೋಟೋ, ತೆಗೆದು ಒಂದು. ಲೆನ್ಸಿನ ಕಿಂಡಿ ಎಫ್ 8, ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ ಐಎಸ್ಒ 100, ಕ್ಯಾಮೆರಾ ಅಲುಗಾಡದಂತೆ ಟ್ರೈಪಾಡ್. ಆ ಹೊತ್ತಿನಲ್ಲಿ ನಾನು ಕಪ್ಪು ಬಟ್ಟೆಯಲ್ಲೇ ಇರಬೇಕು, ಇಲ್ಲದಿದ್ದರೆ ನನ್ನ ಕುರ್ತಾದ ಬಣ್ಣ ಚಿತ್ರದ ಕಪ್ಪು ಜಾಗಗಳಲ್ಲಿ ಮೂಡುತ್ತದೆ.

ಒಂದು ವಿಷಯದಲ್ಲಿ ನಮ್ಮ ಜಗಳ ಇನ್ನೂ ಮುಗಿದಿಲ್ಲ. ದೀಪಕ್ಕೂ ಲೆನ್ಸ್‌ಗೂ ಪೋಲರೈಸಿಂಗ್ ಫಿಲ್ಟರ್ ಹಾಕಿದರೆ ಹೊಳಪೆಲ್ಲ ಹೋಗಿ ಬಣ್ಣ ಅಚ್ಚುಕಟ್ಟಾಗಿ ಬರುತ್ತದೆ. ಅವಳಿಗೆ ಅದು ಇಷ್ಟ. ನನಗೆ ಇಷ್ಟವಿಲ್ಲ. ದಪ್ಪಗೆ ಹಚ್ಚಿದ ಬಣ್ಣದ ಅಂಚಿನಲ್ಲಿ ಒಂದು ಮಿನುಗು ಇರುತ್ತದೆ, ಬ್ರಷ್ ಯಾವ ಕಡೆ ಓಡಿತು ಅನ್ನುವುದು ಗೊತ್ತಾಗುವುದೇ ಅದರಿಂದ. ಅದು ಹೋದರೆ ಚಿತ್ರ ಕ್ಯಾಲೆಂಡರಿನ ಹಾಳೆಯ ಹಾಗಾಗುತ್ತದೆ. ಅದಕ್ಕೇ ಎರಡು ಥರವೂ ತೆಗೆಯುತ್ತೇವೆ. ಕೋಬಾಲ್ಟ್ ನೀಲಿ ಮಾತ್ರ ಅವಳ ಕ್ಯಾಮೆರಾದಲ್ಲಿ ಯಾವಾಗಲೂ ನೇರಳೆಗೆ ಹೊರಳುತ್ತದೆ. ಆ ಚಿತ್ರವನ್ನು ಕಂಪ್ಯೂಟರ್ ಪಕ್ಕದಲ್ಲೇ ನಿಲ್ಲಿಸಿಕೊಂಡು ಇಬ್ಬರೂ ಕೂತು ಸರಿ ಮಾಡುತ್ತೇವೆ.

ದುಡ್ಡಿನ ಮಾತು ಚಿಕ್ಕದು. ಬಾಡಿಗೆ ಅರ್ಧರ್ಧ. ಕರೆಂಟ್ ಬಿಲ್ಲಿನಲ್ಲಿ ಮೂರರಲ್ಲಿ ಎರಡು ಪಾಲು ಅವಳದು. ಒಬ್ಬರಿಂದ ಇನ್ನೊಬ್ಬರಿಗೆ ಕೆಲಸ ಬಂದರೆ ಕಳಿಸಿದವರಿಗೆ ನೂರಕ್ಕೆ ಹತ್ತು. ಎಷ್ಟೇ ಗೆಳೆತನ ಇದ್ದರೂ ಇದನ್ನೆಲ್ಲ ಕಾಗದದಲ್ಲಿ ಬರೆದಿಟ್ಟಿದ್ದೇವೆ. ಗಿರಾಕಿಗಳಿಗೂ ಬರೆದೇ ಕೊಡುತ್ತೇವೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ, ಯಾರಾದರೂ ದುಡ್ಡು ಕೊಟ್ಟು ಫೋಟೋ ತೆಗೆಸಿದರೆ ಅಥವಾ ಚಿತ್ರ ಬರೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ ಅದರ ಮೊದಲ ಹಕ್ಕು ಅವರದೇ. ನಮ್ಮ ಎಷ್ಟೋ ಸಹಪಾಠಿಗಳಿಗೆ ಇದು ಗೊತ್ತಿಲ್ಲ. ನಮ್ಮ ಆರ್ಡರ್ ಚೀಟಿಯ ಕೆಳಗೆ ಎರಡು ಸಾಲು ಇದಕ್ಕೇ ಇದೆ.

"ಫೋಟೋ ನೋಡಿ ಬರೆಯೋದಾ?" ಅಂತ ಕೆಲವರು ಕೇಳುತ್ತಾರೆ, ಅದೇನೋ ಕಡಿಮೆ ಕೆಲಸ ಅನ್ನುವ ಹಾಗೆ. ಅವರಿಗೆ ನಾನು ಮೈಸೂರಿನ ದೊಡ್ಡ ಅರಮನೆಯ ಕಲ್ಯಾಣ ಮಂಟಪ ನೋಡಿ ಬನ್ನಿ ಅನ್ನುತ್ತೇನೆ. ಅಲ್ಲಿ ಗೋಡೆಯ ಉದ್ದಕ್ಕೂ ದಸರಾ ಮೆರವಣಿಗೆಯ 26 ಚಿತ್ರಗಳಿವೆ. ನಿಜವಾದ ಫೋಟೋಗಳನ್ನು ಆಧಾರವಾಗಿಟ್ಟುಕೊಂಡು ಬರೆದವು ಅವು. ಮೆರವಣಿಗೆ ನಿಂತು ಪೋಸ್ ಕೊಡುವುದಿಲ್ಲವಲ್ಲ. ಕಪ್ಪು ಬಿಳುಪು ಫೋಟೋ ಆನೆಯ ನಿಲುವು ಹೇಳುತ್ತದೆ, ಅದರ ಮೇಲಿನ ಬಟ್ಟೆಯ ಬಣ್ಣ ಹೇಳುವುದಿಲ್ಲ. ಅದನ್ನು ಕಲಾವಿದ ಬೇರೆ ಕಡೆಯಿಂದ ತರಬೇಕು.

ಎರಡು ವರ್ಷದ ಹಿಂದೆ ನಮಗೂ ಅಂಥದ್ದೇ ಕೆಲಸ ಬಂತು. ಹಿರಿಯರೊಬ್ಬರು ಅಂಗೈ ಅಗಲದ ಒಂದು ಕಪ್ಪು ಬಿಳುಪು ಫೋಟೋ ತಂದರು. ಅವರ ತಾಯಿಯದು. ಅಂಚನ್ನು ಹುಳ ತಿಂದಿತ್ತು. ಇದ್ದದ್ದು ಅದೊಂದೇ. "ಬಣ್ಣದಲ್ಲಿ ಬರೆದು ಕೊಡ್ತೀರಾ ಅಮ್ಮಾ?" ಅಂದರು. ಸೀರೆ ಗಿಣಿಹಸಿರು ಅನ್ನುವುದು ಮಾತ್ರ ಅವರಿಗೆ ನೆನಪಿತ್ತು. ಅವರ ಅಕ್ಕನ ಮನೆಯಿಂದ ಆ ಸೀರೆಯ ಅಂಚಿನ ತುಂಡೊಂದು ಸಿಕ್ಕಿತು. ಮುಖದ ಬಣ್ಣ ಹೇಗೆ?

ಗೆಳತಿ ಆ ಫೋಟೋವನ್ನು ದೊಡ್ಡದು ಮಾಡಿ ಕಣ್ಣುಗಳನ್ನೇ ನೋಡುತ್ತಾ ಕೂತಳು. ಎರಡೂ ಕಣ್ಣಿನ ಎಡಗಡೆ ಒಂದೊಂದು ಬೆಳ್ಳನೆ ಚೌಕ ಇತ್ತು. "ಇದು ಫ್ಲ್ಯಾಶ್ ಅಲ್ಲ, ಕಿಟಕಿ. ಮೇಲೆ ಬಟ್ಟೆ ಇಳಿಬಿಟ್ಟಿದಾರೆ ನೋಡು, ಅಂಚು ಮೆತ್ತಗಿದೆ" ಅಂದಳು. ಮರುದಿನ ತನ್ನ ಅಮ್ಮನನ್ನೇ ಕರೆದುಕೊಂಡು ಬಂದಳು. ಅವರಿಗೂ ಸುಮಾರು ಅದೇ ವಯಸ್ಸು, ಅದೇ ಮೈಬಣ್ಣ ಅಂತ ಆ ಹಿರಿಯರೇ ನೋಡಿ ಹೇಳಿದರು. ನಡುವಿನ ಕಿಟಕಿಯ ಪಂಚೆಯ ಪಕ್ಕ ಕುರ್ಚಿ ಹಾಕಿ, ಕಣ್ಣಲ್ಲಿ ಅದೇ ಜಾಗದಲ್ಲಿ ಚೌಕ ಮೂಡುವವರೆಗೆ ಕುರ್ಚಿಯನ್ನು ಇಂಚಿಂಚು ಸರಿಸಿದಳು. ನಾಲ್ಕು ದಿನ ಬೆಳಿಗ್ಗೆ ಆ ಅಮ್ಮ ನನಗಾಗಿ ಕೂತರು. ರೂಪ ಫೋಟೋದಿಂದ ತೆಗೆದುಕೊಂಡೆ, ಮುಖದ ಮೇಲಿನ ಬೆಳಕು ಮತ್ತು ನೆರಳಿನ ಬಣ್ಣ ಅವರಿಂದ. ನೆರಳಲ್ಲಿ ಕೆನ್ನೆ ಕಂದು ಅಲ್ಲ, ಸ್ವಲ್ಪ ಹಸಿರು ಬೆರೆತ ಕೆಂಪು. ಯಾವ ಕಪ್ಪು ಬಿಳುಪು ಫೋಟೋದಲ್ಲೂ ಅದು ಸಿಗುತ್ತಿರಲಿಲ್ಲ.

ಚಿತ್ರ ಮನೆಗೆ ಹೋದ ವಾರಕ್ಕೆ ಅವರ ಫೋನ್ ಬಂತು. ಸ್ಟುಡಿಯೋದಲ್ಲಿ ಕಂಡ ಹಾಗೆ ಇಲ್ಲಿ ಅಮ್ಮ ಕಾಣುತ್ತಿಲ್ಲ, ಮುಖ ಕಳೆಗುಂದಿದೆ ಅಂದರು. ಇಬ್ಬರೂ ಹೋದೆವು. ಚಿತ್ರದ ಮೇಲೆ ಹಳೆಯ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಕೆಂಪೆಲ್ಲ ಬೂದಿಯಾಗಿತ್ತು. ಗೆಳತಿ ಚೀಲದಿಂದ ಒಂದು ಬಲ್ಬ್ ತೆಗೆದಳು. ಬಣ್ಣ ಸರಿಯಾಗಿ ತೋರಿಸುವ ಜಾತಿಯದು, ಡಬ್ಬಿಯ ಮೇಲೆ ಸಿಆರ್‌ಐ 95 ಅಂತ ಬರೆದಿತ್ತು. ಎಡಗಡೆ ಮೇಲಿನಿಂದ ಬೆಳಕು ಬೀಳುವ ಹಾಗೆ ಹೋಲ್ಡರ್ ತಿರುಗಿಸಿ, ಟ್ಯೂಬ್‌ಲೈಟ್ ಆರಿಸಿದಳು.

ಅವರು ಏನೂ ಮಾತಾಡಲಿಲ್ಲ. ಊಟದ ಮೇಜಿನಿಂದ ಒಂದು ಕುರ್ಚಿ ಎಳೆದುಕೊಂಡು ಬಂದು ಚಿತ್ರದ ಎದುರು ಕೂತರು. ನಾವು ಚಪ್ಪಲಿ ಹಾಕಿಕೊಂಡು ಹೊರಟಾಗಲೂ ಅಲ್ಲೇ ಕೂತಿದ್ದರು.